ಎರಡು ಗಂಟೆ ತಡವಾದ ಡೋಸ್

ಪ್ರಶ್ನೆ: ನಾನು ನರ್ಸ್ ಆಗಿ ವಾರ್ಡ್‌ಗೆ ಸೇರಿ ಹತ್ತು ತಿಂಗಳಾಯಿತು. ಮೊನ್ನೆ ನನ್ನ ರೋಗಿಯೊಬ್ಬರನ್ನು ಮಧ್ಯಾಹ್ನ ಸ್ಕ್ಯಾನ್‌ಗೆ ಕರೆದುಕೊಂಡು ಹೋಗಿದ್ದರು. ಎಂಟು ಗಂಟೆಗೊಮ್ಮೆ ಕೊಡುವ ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್‌ನ 2 ಗಂಟೆಯ ಡೋಸ್ ಕೊಡುವಾಗ 4 ಆಗಿಹೋಗಿತ್ತು. "ಆಂಟಿಬಯೋಟಿಕ್ ತಾನೆ, ಏನೂ ಆಗಲ್ಲ ಬಿಡು" ಎಂದರು ಸೀನಿಯರ್. ಅದೇ ಸಂಜೆ ಇನ್ನೊಬ್ಬರಿಗೆ ವ್ಯಾಂಕೋಮೈಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್‌ನ ಡ್ರಿಪ್ ಸ್ವಲ್ಪ ವೇಗವಾಗಿ ಓಡಿಸಿದ್ದಕ್ಕೆ ಅವರಿಂದಲೇ ಚೆನ್ನಾಗಿ ಬೈಸಿಕೊಂಡೆ. ತಡವಾದರೆ ಪರವಾಗಿಲ್ಲ, ವೇಗವಾದರೆ ತಪ್ಪು ಅಂದರೆ ಹೇಗೆ? ಈ ಔಷಧಿಗಳು ಒಳಗೆ ಹೋಗಿ ನಿಜವಾಗಿ ಏನು ಮಾಡುತ್ತವೆ? ನಾನು ಯಾವುದಕ್ಕೆ ಜಾಸ್ತಿ ಎಚ್ಚರ ವಹಿಸಬೇಕು?

ಉತ್ತರ: ನಿಮ್ಮ ಸೀನಿಯರ್ ಬೈದದ್ದು ಸರಿ. "ಏನೂ ಆಗಲ್ಲ ಬಿಡು" ಅಂದದ್ದು ಸರಿಯಲ್ಲ. ಎರಡಕ್ಕೂ ಕಾರಣ ಆಯಾ ಔಷಧಿ ಕೆಲಸ ಮಾಡುವ ರೀತಿಯಲ್ಲೇ ಇದೆ. ಅದು ಒಮ್ಮೆ ತಲೆಗೆ ಹೋದರೆ ಅರ್ಧ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಮೊದಲು ಪಿಪೆರಾಸಿಲಿನ್ ವಿಷಯ. ಅದು ಪೆನಿಸಿಲಿನ್ ಕುಟುಂಬದ್ದು. ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವಕ್ಕೆ ಹೊರಗೆ ಒಂದು ಗಟ್ಟಿ ಗೋಡೆ ಇರುತ್ತದೆ. ಒಳಗಿನ ಒತ್ತಡ ಎಷ್ಟಿರುತ್ತದೆಂದರೆ, ಆ ಗೋಡೆ ಇಲ್ಲದಿದ್ದರೆ ನೀರು ಒಳನುಗ್ಗಿ ಅದು ಒಡೆದೇ ಹೋಗುತ್ತದೆ. ಬೆಳೆಯುವ ಬ್ಯಾಕ್ಟೀರಿಯಾ ಹಳೆಯ ಗೋಡೆಯನ್ನು ಅಲ್ಲಲ್ಲಿ ಬಿಚ್ಚುತ್ತಾ, ಹೊಸ ತುಂಡುಗಳನ್ನು ಸೇರಿಸುತ್ತಾ ಇರುತ್ತದೆ. ಆ ತುಂಡುಗಳನ್ನು ಒಂದಕ್ಕೊಂದು ಬೆಸೆಯಲು ಅದರ ಹತ್ತಿರ ಒಂದು ಕಿಣ್ವ ಇದೆ. ಪೆನಿಸಿಲಿನ್ ಹೋಗಿ ಆ ಕಿಣ್ವವನ್ನೇ ಹಿಡಿದುಕೊಳ್ಳುತ್ತದೆ. ಬಿಚ್ಚುವ ಕೆಲಸ ನಡೆಯುತ್ತದೆ, ಬೆಸೆಯುವ ಕೆಲಸ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಗೋಡೆ ಸಡಿಲವಾಗಿ ಬ್ಯಾಕ್ಟೀರಿಯಾ ಸಿಡಿಯುತ್ತದೆ. ನಮ್ಮ ಜೀವಕೋಶಗಳಿಗೆ ಇಂಥ ಗೋಡೆಯೇ ಇಲ್ಲ. ಹಾಗಾಗಿ ಔಷಧಿ ನಮಗೆ ಅಷ್ಟಾಗಿ ಹೊಡೆಯುವುದಿಲ್ಲ. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೂ ಗೋಡೆ ಇಲ್ಲ, ಅದರ ಮೇಲೆ ಪೆನಿಸಿಲಿನ್ ಎಷ್ಟು ಸುರಿದರೂ ದಂಡ. ವೈರಸ್‌ಗಂತೂ ಗೋಡೆಯೂ ಇಲ್ಲ, ತನ್ನದೇ ಆದ ಕಾರ್ಖಾನೆಯೂ ಇಲ್ಲ. ನೆಗಡಿಗೆ ಆಂಟಿಬಯೋಟಿಕ್ ಕೇಳುವವರಿಗೆ ಹೇಳಬೇಕಾದದ್ದು ಇಷ್ಟೇ.

ಗಮನಿಸಿ, ಬ್ಯಾಕ್ಟೀರಿಯಾ ಗೋಡೆ ಕಟ್ಟುತ್ತಿರುವಾಗ ಔಷಧಿ ಅಲ್ಲಿ ಇರಬೇಕು. ಎಷ್ಟು ಜಾಸ್ತಿ ಇದೆ ಅನ್ನುವುದಕ್ಕಿಂತ ಎಷ್ಟು ಹೊತ್ತು ಇದೆ ಅನ್ನುವುದು ಇಲ್ಲಿ ಮುಖ್ಯ. ಬೇಕಾದ ಮಟ್ಟದ ನಾಲ್ಕೈದು ಪಟ್ಟು ಮೀರಿದ ಮೇಲೆ ಇನ್ನೂ ಸುರಿದರೆ ಹೆಚ್ಚು ವೇಗವಾಗಿ ಸಾಯುವುದಿಲ್ಲ. ಆದರೆ ಮಟ್ಟ ಕೆಳಗಿಳಿದ ಕೂಡಲೇ ಕಟ್ಟಡದ ಕೆಲಸ ಮತ್ತೆ ಶುರು.

ಈಗ ನಿಮ್ಮ ಆ ಎರಡು ಗಂಟೆಯ ಲೆಕ್ಕ. ಕಿಡ್ನಿ ಸರಿ ಇರುವವರಲ್ಲಿ ರಕ್ತದಲ್ಲಿರುವ ಪಿಪೆರಾಸಿಲಿನ್ ಹೆಚ್ಚುಕಡಿಮೆ ಗಂಟೆಗೊಮ್ಮೆ ಅರ್ಧವಾಗುತ್ತದೆ. ಬೆಳಿಗ್ಗೆ 6ಕ್ಕೆ ಕೊಟ್ಟಿರಿ ಅಂದುಕೊಳ್ಳಿ. 7ಕ್ಕೆ ಅರ್ಧ, 8ಕ್ಕೆ ಕಾಲು, 9ಕ್ಕೆ ಅರೆಕಾಲು. ಮಧ್ಯಾಹ್ನ 12ಕ್ಕೆ 64ರಲ್ಲಿ ಒಂದು ಪಾಲು. 2 ಗಂಟೆಗೆ 256ರಲ್ಲಿ ಒಂದು ಪಾಲು. ಅಂದರೆ ಸರಿಯಾದ ಹೊತ್ತಿಗೆ ಮುಂದಿನ ಡೋಸ್ ಹೋದರೂ ಅಷ್ಟರಲ್ಲಿ ತಳ ಕಂಡಿರುತ್ತದೆ. ಅದರ ಮೇಲೆ ಇನ್ನೆರಡು ಗಂಟೆ ತಡ ಮಾಡಿದರೆ ಆ ಎರಡೂ ಗಂಟೆ ಬ್ಯಾಕ್ಟೀರಿಯಾಗಳಿಗೆ ಪೂರ್ತಿ ರಜೆ. ಒಮ್ಮೆ ಹೀಗಾದರೆ ಗಟ್ಟಿಮುಟ್ಟಾದ ರೋಗಿಗೆ ದೊಡ್ಡ ಅನಾಹುತ ಆಗುವುದಿಲ್ಲ, ನೀವು ರಾತ್ರಿ ನಿದ್ದೆಗೆಡಬೇಕಾಗಿಲ್ಲ. ದಿನಾ ಒಂದು ಡೋಸ್ ಹೀಗೆ ಜಾರಿದರೆ ಮಾತ್ರ ಚಿಕಿತ್ಸೆ ಚಾರ್ಟ್‌ನಲ್ಲಷ್ಟೇ ನಡೆಯುತ್ತಿರುತ್ತದೆ.

ಇದು ಎಷ್ಟು ಬೇಗ ಮೈಯಿಂದ ಹೊರಗೆ ಹೋಗುತ್ತದೆ ಎಂಬುದಕ್ಕೆ ಒಂದು ಹಳೆಯ ಕಥೆ ಇದೆ. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡದ್ದು 1928ರಲ್ಲಿ. ಅದನ್ನು ಔಷಧಿಯಾಗಿ ರೋಗಿಗಳ ಮೇಲೆ ಪ್ರಯೋಗಿಸಲು ಶುರು ಮಾಡಿದ್ದು ಆಕ್ಸ್‌ಫರ್ಡ್‌ನ ತಂಡ, 1941ರಲ್ಲಿ. ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಮುಖವೆಲ್ಲ ಕೀವು ತುಂಬಿತ್ತು. ಪೆನಿಸಿಲಿನ್ ಕೊಟ್ಟ ಮೇಲೆ ಕಣ್ಣೆದುರೇ ಚೇತರಿಸಿಕೊಂಡರು. ಆದರೆ ಇದ್ದದ್ದು ಚಿಟಿಕೆ ಔಷಧಿ. ಮೂತ್ರದಲ್ಲಿ ಅದು ಹಾಗೇ ಹೊರಬರುತ್ತದೆ ಎಂದು ಗೊತ್ತಿದ್ದ ವಿಜ್ಞಾನಿಗಳು ಅವರ ಮೂತ್ರ ಹಿಡಿದು, ಅದರಿಂದ ಪೆನಿಸಿಲಿನ್ ಮತ್ತೆ ತೆಗೆದು, ಅವರಿಗೇ ಕೊಟ್ಟರು. ಅದೂ ಮುಗಿಯಿತು. ಸೋಂಕು ತಿರುಗಿ ಬಂತು, ಅವರು ಉಳಿಯಲಿಲ್ಲ. ಇವತ್ತು ನಾವು ಆರು ಗಂಟೆಗೊಮ್ಮೆ, ಎಂಟು ಗಂಟೆಗೊಮ್ಮೆ ಟ್ರಾಲಿ ತಳ್ಳಿಕೊಂಡು ಹೋಗುವುದಕ್ಕೂ ಮೂಲ ಕಾರಣ ಅದೇ ಕಿಡ್ನಿ.

ಕೆಲವೊಮ್ಮೆ ಡಾಕ್ಟರ್ ಇದೇ ಔಷಧಿಯನ್ನು "ನಾಲ್ಕು ಗಂಟೆ ಓಡಿಸಿ" ಎಂದು ಬರೆಯುವುದೂ ಇದಕ್ಕೇ. ನಿಧಾನವಾಗಿ ಹೋದಷ್ಟೂ ಮಟ್ಟ ಜಾಸ್ತಿ ಹೊತ್ತು ಮೇಲಿರುತ್ತದೆ. ಇರುವುದೊಂದೇ ಲೈನ್, ಬೇರೆ ಡ್ರಿಪ್ ಹಾಕಬೇಕು ಎಂದು ಅದನ್ನು ಅರ್ಧ ಗಂಟೆಗೆ ಮುಗಿಸಿದರೆ ಡಾಕ್ಟರ್ ಹಾಕಿದ ಲೆಕ್ಕವೇ ಕೆಟ್ಟಿತು.

ಎಲ್ಲ ಆಂಟಿಬಯೋಟಿಕ್‌ಗಳೂ ಹೀಗಿಲ್ಲ. ಜೆಂಟಾಮೈಸಿನ್, ಅಮಿಕಾಸಿನ್‌ಗಳು ಗೋಡೆಯ ತಂಟೆಗೆ ಹೋಗುವುದಿಲ್ಲ. ಒಳಗೆ ನುಗ್ಗಿ ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗೆ ಕೈ ಹಾಕುತ್ತವೆ. ತಪ್ಪು ಪ್ರೋಟೀನ್ ತಯಾರಾಗಿ ಬ್ಯಾಕ್ಟೀರಿಯಾ ಸಾಯುತ್ತದೆ. ಇವುಗಳಿಗೆ ಬೇಕಾದದ್ದು ಒಂದು ದೊಡ್ಡ ಏಟು. ರಕ್ತದ ಮಟ್ಟ ಎಷ್ಟು ಎತ್ತರಕ್ಕೆ ಹೋಗುತ್ತದೋ ಅಷ್ಟು ಚೆನ್ನಾಗಿ ಕೊಲ್ಲುತ್ತವೆ. ಮಟ್ಟ ಇಳಿದ ಮೇಲೂ ಪೆಟ್ಟು ತಿಂದ ಬ್ಯಾಕ್ಟೀರಿಯಾ ಕೆಲವು ಗಂಟೆ ಮೇಲೇಳುವುದಿಲ್ಲ. ಹಾಗಾಗಿ ಬಹಳಷ್ಟು ರೋಗಿಗಳಿಗೆ ದಿನಕ್ಕೊಂದೇ ಸಲ ಕೊಡುತ್ತಾರೆ. ಇಲ್ಲಿ ಅರ್ಧ ಗಂಟೆ ಆಚೀಚೆ ಆದರೆ ಕೊಲ್ಲುವ ಶಕ್ತಿಗೆ ಅಂಥ ಧಕ್ಕೆ ಇಲ್ಲ. ಆದರೆ ಇವು ಕಿಡ್ನಿ ಮತ್ತು ಒಳಕಿವಿಗೆ ಶತ್ರುಗಳು. ಎರಡು ಡೋಸ್ ನಡುವೆ ಮೈಯಿಂದ ತೊಲಗಲು ಸಮಯ ಸಿಗಲೇಬೇಕು. ರೋಗಿಯ ಮೂತ್ರ ಕಮ್ಮಿಯಾಗಿದೆ, "ಕಿವಿಯಲ್ಲಿ ಗುಂಯ್ ಅನ್ನುತ್ತೆ ಸಿಸ್ಟರ್" ಅಂದರು, ಎದ್ದರೆ ತೂರಾಡುತ್ತಾರೆ ಎಂದರೆ ಮುಂದಿನ ಡೋಸ್ ಕೊಡುವ ಮೊದಲು ಡಾಕ್ಟರ್‌ಗೆ ಹೇಳಿ. ಹೋದ ಕಿವಿ ಎಷ್ಟೋ ಸಲ ವಾಪಸ್ ಬರುವುದಿಲ್ಲ.

ಇವುಗಳ ಮಟ್ಟ ನೋಡಲು ರಕ್ತ ತೆಗೆಯುವಾಗ, ತೆಗೆದ ಗಂಟೆ ನಿಮಿಷ ಮತ್ತು ಹಿಂದಿನ ಡೋಸ್ ಕೊಟ್ಟ ಗಂಟೆ ನಿಮಿಷ, ಎರಡನ್ನೂ ಇದ್ದದ್ದು ಇದ್ದ ಹಾಗೆ ಬರೆಯಿರಿ. ಔಷಧಿ ಓಡುತ್ತಿರುವ ಲೈನ್‌ನಿಂದಲೇ ರಕ್ತ ತೆಗೆದರೆ ಬರುವ ಸಂಖ್ಯೆಗೆ ಅರ್ಥವಿಲ್ಲ.

ಇನ್ನು ನೀವು ಬೈಸಿಕೊಂಡ ವ್ಯಾಂಕೋಮೈಸಿನ್. ಇದೂ ಗೋಡೆಯನ್ನೇ ಕೆಡಿಸುತ್ತದೆ, ಆದರೆ ಕಿಣ್ವವನ್ನು ಹಿಡಿಯುವುದಿಲ್ಲ. ಗೋಡೆಗೆ ಬರುವ ತುಂಡಿನ ತುದಿಯನ್ನೇ ಮುಚ್ಚಿಬಿಡುತ್ತದೆ. ಅಣು ಬಹಳ ದಪ್ಪ. ಗೋಡೆಯ ಹೊರಗೆ ಇನ್ನೊಂದು ಪದರ ಇರುವ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳ ಆ ಹೊರಪದರದ ಕಿಂಡಿಯಲ್ಲಿ ತೂರುವುದಿಲ್ಲ, ಅವುಗಳ ಮೇಲೆ ಕೆಲಸಕ್ಕೆ ಬಾರದು. ವೇಗವಾಗಿ ರಕ್ತಕ್ಕೆ ಬಂದರೆ ಇದು ನಮ್ಮ ಮೈಯಲ್ಲಿರುವ ಮಾಸ್ಟ್ ಕೋಶಗಳನ್ನು ನೇರವಾಗಿ ಕೆರಳಿಸಿ, ಅವುಗಳಿಂದ ತುರಿಕೆ ತರುವ ಹಿಸ್ಟಮೀನ್ ಎಂಬ ರಾಸಾಯನಿಕ ಹೊರಹಾಕಿಸುತ್ತದೆ. ಮುಖ, ಕುತ್ತಿಗೆ, ಎದೆ ಕೆಂಪಾಗುತ್ತದೆ, ತುರಿಕೆ ಬರುತ್ತದೆ, ಕೆಲವರಿಗೆ ಬಿ.ಪಿ. ಇಳಿಯುತ್ತದೆ.

ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಶಿಫ್ಟ್ ಮುಗಿಯುವ ಗಡಿಬಿಡಿಯಲ್ಲಿ 1 ಗ್ರಾಂ ವ್ಯಾಂಕೋಮೈಸಿನ್ ಅನ್ನು ಇಪ್ಪತ್ತು ನಿಮಿಷಕ್ಕೆ ಓಡಿಸಿಬಿಟ್ಟಿದ್ದೆ. ರೋಗಿ ಕಾಲರ್ ಎಳೆದುಕೊಂಡು "ಮೈಯೆಲ್ಲ ಉರಿ" ಅಂದಾಗಲೇ ಡ್ರಿಪ್ ಕಡೆ ನೋಡಿದ್ದು. ನಿಲ್ಲಿಸಿದೆವು, ತುರಿಕೆಗೆ ಔಷಧಿ ಕೊಟ್ಟರು, ಅರ್ಧ ಗಂಟೆಯಲ್ಲಿ ಸರಿಹೋದರು. ನನ್ನ ಎರಡನೇ ತಪ್ಪು ಅದಕ್ಕಿಂತ ದೊಡ್ಡದು. ಫೈಲ್ ಮೇಲೆ ಕೆಂಪು ಪೆನ್ನಲ್ಲಿ "ವ್ಯಾಂಕೋಮೈಸಿನ್ ಅಲರ್ಜಿ" ಎಂದು ಬರೆದೆ. ಅದು ಅಲರ್ಜಿ ಆಗಿರಲಿಲ್ಲ, ನನ್ನ ಅವಸರ ಆಗಿತ್ತು. ಆ ಒಂದು ಸಾಲಿನಿಂದ ಆ ಮನುಷ್ಯನಿಗೆ ಮುಂದೆ ಬೇಕಾದಾಗ ಸರಿಯಾದ ಔಷಧಿ ಸಿಗದೆ ಹೋಗಬಹುದಿತ್ತು. ಪುಣ್ಯಕ್ಕೆ ಮರುದಿನ ರೌಂಡ್ಸ್‌ನಲ್ಲಿ ಕೇಳಿ ತಿದ್ದಿಸಿದರು. ಲೆಕ್ಕ ಸುಲಭ: ನಿಮಿಷಕ್ಕೆ 10 ಮಿಲಿಗ್ರಾಂ ಮೀರಬಾರದು. ಅಂದರೆ 1 ಗ್ರಾಂಗೆ ಕನಿಷ್ಠ 100 ನಿಮಿಷ, 1.5 ಗ್ರಾಂಗೆ ಎರಡೂವರೆ ಗಂಟೆ ಬೇಕಾಗುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಅಲರ್ಜಿ ಮಾತು ಬಂತಲ್ಲ, ಅದನ್ನೇ ಮುಗಿಸುತ್ತೇನೆ. "ಯಾವುದಾದರೂ ಔಷಧಿಗೆ ಅಲರ್ಜಿ ಇದೆಯಾ?" ಎಂದು ಕೇಳಿ ಟಿಕ್ ಹಾಕುವುದು ಸಾಲದು. ಏನು ತಗೊಂಡಿದ್ದಿರಿ, ಎಷ್ಟು ಹೊತ್ತಿಗೆ ಏನಾಯಿತು, ಎಷ್ಟು ವರ್ಷದ ಹಿಂದೆ, ಆಮೇಲೆ ಅಂಥದ್ದೇ ಔಷಧಿ ತಗೊಂಡಿದ್ದೀರಾ ಎಂದು ಕೇಳಿ. "ಹೊಟ್ಟೆ ಕೆಟ್ಟಿತ್ತು" ಅಂದರೆ ಅದು ಅಡ್ಡಪರಿಣಾಮ. "ಹತ್ತು ನಿಮಿಷದಲ್ಲಿ ಮೈಯೆಲ್ಲ ದದ್ದು ಬಂದು ಉಸಿರು ಕಟ್ಟಿತು" ಅಂದರೆ ಅದು ನಿಜವಾದ ಅಪಾಯ. ಪೆನಿಸಿಲಿನ್ ಅಲರ್ಜಿ ಇದೆ ಎಂದು ಹಣೆಪಟ್ಟಿ ಹೊತ್ತವರನ್ನು ಸರಿಯಾಗಿ ಪರೀಕ್ಷಿಸಿದರೆ ಹತ್ತರಲ್ಲಿ ಒಂಬತ್ತು ಜನರಿಗೆ ಅಲರ್ಜಿ ಇರುವುದೇ ಇಲ್ಲ. ಆದರೂ ಹಣೆಪಟ್ಟಿ ಕೀಳುವ ಅಧಿಕಾರ ನಿಮ್ಮದೂ ಅಲ್ಲ, ನನ್ನದೂ ಅಲ್ಲ. ವಿವರ ಬರೆದು ಡಾಕ್ಟರ್ ಮುಂದೆ ಇಡುವುದು ನಮ್ಮ ಕೆಲಸ. ಪಿಪೆರಾಸಿಲಿನ್, ಅಮಾಕ್ಸಿಸಿಲಿನ್-ಕ್ಲಾವುಲನಿಕ್ ಆ್ಯಸಿಡ್ ಎರಡೂ ಪೆನಿಸಿಲಿನ್‌ಗಳೇ ಅನ್ನುವುದು ಬ್ರ್ಯಾಂಡ್ ಹೆಸರಿನಲ್ಲಿ ಮುಚ್ಚಿಹೋಗಿರುತ್ತದೆ. ವಯಲ್ ಮೇಲಿನ ಸಣ್ಣ ಅಕ್ಷರ ಓದಿ.

ಟೆಸ್ಟ್ ಡೋಸ್ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ಚರ್ಮಕ್ಕೆ ಚುಚ್ಚಿ ಹದಿನೈದು ನಿಮಿಷ ನೋಡಿ "ಏನೂ ಆಗಲಿಲ್ಲ" ಎಂದು ನಿರಾಳವಾಗಿ ಪೂರ್ತಿ ಡೋಸ್ ಹಾಕಿ ಪಕ್ಕದ ಬೆಡ್‌ಗೆ ಹೋಗುವುದು ಸುಳ್ಳು ಧೈರ್ಯ. ಟೆಸ್ಟ್‌ನಲ್ಲಿ ಏನೂ ಆಗದವರಿಗೂ ಪೂರ್ತಿ ಡೋಸ್‌ಗೆ ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಅಪಾಯವಾಗುವ ತೀವ್ರ ಅಲರ್ಜಿ, ಆಗಬಹುದು. ನಿಮ್ಮಲ್ಲಿ ಟೆಸ್ಟ್ ಮಾಡುವ ನಿಯಮ ಇದ್ದರೆ ಮಾಡಿ. ಆದರೆ ಮೊದಲ ಡೋಸ್ ಹೋಗುವಾಗ ಮೊದಲ ಕೆಲವು ನಿಮಿಷ ಅಲ್ಲೇ ನಿಂತು ಮುಖ ನೋಡಿ, ಮಾತನಾಡಿಸಿ. ಅಡ್ರಿನಲಿನ್ ಎಲ್ಲಿದೆ ಎಂದು ಗೊತ್ತಿರಲಿ. ಉಸಿರಾಟ ಕಷ್ಟ, ಗಂಟಲು ಊತ, ಬಿ.ಪಿ. ಕುಸಿತ ಕಂಡರೆ ಡ್ರಿಪ್ ನಿಲ್ಲಿಸಿ, ಕೂಗಿ ಸಹಾಯ ಕರೆಯಿರಿ, ರೋಗಿಯನ್ನು ಮಲಗಿಸಿ. ದೊಡ್ಡವರಿಗೆ 0.5 ಮಿಲಿಗ್ರಾಂ ಅಡ್ರಿನಲಿನ್, ಅಂದರೆ ಸಾವಿರಕ್ಕೊಂದರ ದ್ರಾವಣದಲ್ಲಿ 0.5 ಎಂ.ಎಲ್., ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ಮೊದಲು ಕೊಡಬೇಕಾದದ್ದು ಇದು, ತುರಿಕೆಯ ಔಷಧಿಯೂ ಸ್ಟಿರಾಯ್ಡೂ ಅಲ್ಲ.

ತಡದ ವಿಷಯಕ್ಕೆ ಮತ್ತೆ ಬರೋಣ. ಎಲ್ಲಕ್ಕಿಂತ ದುಬಾರಿಯಾದ ತಡ ಯಾವುದು ಗೊತ್ತಾ? ಸೆಪ್ಸಿಸ್, ಅಂದರೆ ಸೋಂಕಿಗೆ ಮೈ ಕೆರಳಿ ಅಂಗಾಂಗಗಳು ಕೆಡತೊಡಗುವ ಸ್ಥಿತಿ, ಬಂದವರ ಮೊದಲ ಡೋಸ್. ಬಿ.ಪಿ. ಬಿದ್ದ ಸೆಪ್ಟಿಕ್ ಶಾಕ್‌ನಲ್ಲಿ ಗುರುತಿಸಿದ ಒಂದು ಗಂಟೆಯೊಳಗೆ ಔಷಧಿ ಒಳಗೆ ಹೋಗಬೇಕು. ಆರ್ಡರ್ ಬರೆದಾಯಿತು, ಫಾರ್ಮಸಿಯಿಂದ ಬಂತು, ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಸಿಗಲಿಲ್ಲ, ಬೆಡ್ ಬದಲಾಯಿತು ಎಂದು ಆ ಗಂಟೆ ಎಲ್ಲೆಲ್ಲೋ ಸೋರುತ್ತದೆ. ರಕ್ತದ ಕಲ್ಚರ್, ಅಂದರೆ ಯಾವ ಬ್ಯಾಕ್ಟೀರಿಯಾ ಇದೆ ಎಂದು ಬೆಳೆಸಿ ನೋಡುವ ಪರೀಕ್ಷೆಗೆ ರಕ್ತ, ಅದಕ್ಕೂ ಮೊದಲು ತೆಗೆಯಬೇಕು, ಯಾಕೆಂದರೆ ಔಷಧಿ ಹೋದ ಮೇಲೆ ಬಾಟಲಿಯಲ್ಲಿ ಏನೂ ಬೆಳೆಯದೆ ಹೋಗಬಹುದು. ಎರಡು ಬೇರೆ ಜಾಗದಿಂದ, ದೊಡ್ಡವರಿಗೆ ಬಾಟಲಿಗೆ 8ರಿಂದ 10 ಎಂ.ಎಲ್. ಎರಡೆರಡು ಎಂ.ಎಲ್. ಹಾಕಿ ಕಳಿಸಿದ ಬಾಟಲಿಯ ನೆಗೆಟಿವ್ ರಿಪೋರ್ಟ್ ನಂಬುವ ಹಾಗಿಲ್ಲ. ಚರ್ಮ ಒರೆಸಿದ ಮೇಲೆ ಒಣಗಲು ಬಿಡಿ, ಊದಬೇಡಿ. ಕಲ್ಚರ್‌ಗೆ ರಕ್ತ ಸಿಗಲಿಲ್ಲ ಎಂದು ಮುಕ್ಕಾಲು ಗಂಟೆ ಚುಚ್ಚುತ್ತಾ ಕೂರುವುದು ಮಾತ್ರ ಬೇಡ. ಅಂಥ ಹೊತ್ತಿನಲ್ಲಿ ಔಷಧಿಯೇ ಮೊದಲು.

ಆಮೇಲೆ ಯಾರೂ ಲೆಕ್ಕಕ್ಕೆ ಇಡದ ಎರಡನೇ ಡೋಸ್. ರಾತ್ರಿ 1 ಗಂಟೆಗೆ ತುರ್ತಿನಲ್ಲಿ ಮೊದಲ ಡೋಸ್ ಕೊಟ್ಟರು. ವಾರ್ಡ್‌ಗೆ ಬಂದ ಮೇಲೆ ಚಾರ್ಟ್‌ನಲ್ಲಿ 6, 2, 10 ಎಂದು ಮಾಮೂಲಿ ಗಂಟೆ ಬರೆದರು. 6ಕ್ಕೆ "ಈಗಷ್ಟೇ ಹೋಗಿದೆಯಲ್ಲ" ಎಂದು ಬಿಟ್ಟರು. ಮುಂದಿನದು ಮಧ್ಯಾಹ್ನ 2ಕ್ಕೆ. ಎಂಟು ಗಂಟೆಯ ಔಷಧಿಗೆ ಹದಿಮೂರು ಗಂಟೆ ಗ್ಯಾಪ್, ಅದೂ ರೋಗಿ ತೀರಾ ಕೆಟ್ಟ ಸ್ಥಿತಿಯಲ್ಲಿರುವ ದಿನವೇ! ಹ್ಯಾಂಡೋವರ್ ತಗೊಳ್ಳುವಾಗ "ಮೊದಲ ಡೋಸ್ ಎಷ್ಟು ಗಂಟೆಗೆ ಹೋಯಿತು?" ಎಂದು ಕೇಳಿದರೆ ಇದು ತಪ್ಪುತ್ತದೆ.

ಇನ್ನೊಂದು ಸೋರಿಕೆ ನಿಮ್ಮ ಕಣ್ಣೆದುರೇ ನಡೆಯುತ್ತದೆ. 100 ಎಂ.ಎಲ್. ಬಾಟಲಿಯಲ್ಲಿ ಔಷಧಿ ಕಲಸಿ ಹಾಕುತ್ತೀರಿ. ಬಾಟಲಿ ಖಾಲಿಯಾಗುತ್ತದೆ, ಸೆಟ್ ಬಿಚ್ಚಿ ಬಿಸಾಕುತ್ತೀರಿ. ಆ ಉದ್ದದ ಕೊಳವೆಯಲ್ಲಿ ಸುಮಾರು 15-20 ಎಂ.ಎಲ್. ಉಳಿದಿರುತ್ತದೆ. 20 ಎಂ.ಎಲ್. ಉಳಿದರೆ ಡೋಸ್‌ನ ಐದನೇ ಒಂದು ಪಾಲು ಕಸದ ಬುಟ್ಟಿಗೆ ಹೋಯಿತು. 50 ಎಂ.ಎಲ್. ಆದರೆ ಇನ್ನೂ ಕೆಟ್ಟದು. ಬಾಟಲಿ ಮುಗಿದ ಮೇಲೆ ಹೊಂದುವ ದ್ರಾವಣದಿಂದ ಅದೇ ವೇಗದಲ್ಲಿ ಕೊಳವೆಯನ್ನು ಖಾಲಿ ಮಾಡಿಸಿ. ಐದೇ ನಿಮಿಷದ ಕೆಲಸ. ವ್ಯಾಂಕೋಮೈಸಿನ್‌ಗೆ ಮಾತ್ರ ಕೊಳವೆಯಲ್ಲಿರುವುದನ್ನು ಜೋರಾಗಿ ತಳ್ಳಬೇಡಿ, ಕಾರಣ ಈಗ ನಿಮಗೇ ಗೊತ್ತು.

ಮಿಶ್ರಣದ ತಪ್ಪುಗಳಲ್ಲಿ ಜೀವಕ್ಕೆ ಎರವಾಗುವ ಮೂರನ್ನು ಮಾತ್ರ ಹೇಳುತ್ತೇನೆ. ಸೆಫ್‌ಟ್ರಯಾಕ್ಸೋನ್ ಎಂಬ ಆಂಟಿಬಯೋಟಿಕ್ ಅನ್ನು ರಿಂಗರ್ ಲ್ಯಾಕ್ಟೇಟ್ ಡ್ರಿಪ್ ದ್ರಾವಣದ ಜೊತೆ ಸೇರಿಸಬಾರದು. ಅದರಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗುತ್ತದೆ. ಹಸುಗೂಸುಗಳಲ್ಲಿ ಇದರಿಂದ ಸಾವು ಆಗಿದೆ. ಸ್ನಾಯುವಿಗೆ ಕೊಡಲು ನೋವು ಮರಗಟ್ಟಿಸುವ ಲಿಗ್ನೊಕೇನ್‌ನಲ್ಲಿ ಕಲಸಿದ ಸೆಫ್‌ಟ್ರಯಾಕ್ಸೋನ್ ಯಾವತ್ತೂ ರಕ್ತನಾಳಕ್ಕೆ ಹೋಗಬಾರದು. ಹಾಲಿನ ಹಾಗೆ ಬೆಳ್ಳಗಿರುವ ಬೆಂಜಥೀನ್ ಪೆನಿಸಿಲಿನ್ ಸ್ನಾಯುವಿಗೆ ಮಾತ್ರ, ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲಬಹುದು. ಇನ್ನುಳಿದ ಜೋಡಿಗಳಿಗೆ ವಾರ್ಡ್‌ನಲ್ಲಿ ಒಂದು ಹೊಂದಾಣಿಕೆ ಪಟ್ಟಿ ಅಂಟಿಸಿ. ಅಂದಾಜಿನ ಮೇಲೆ ಮಿಶ್ರಣ ಬೇಡ.

ಮಾತ್ರೆಗಳಲ್ಲೂ ಹೀಗೇ. ಸಿಪ್ರೊಫ್ಲಾಕ್ಸಾಸಿನ್ ಅನ್ನು ಹಾಲು, ಆ್ಯಂಟಾಸಿಡ್, ಕಬ್ಬಿಣದ ಮಾತ್ರೆ ಜೊತೆ ಕೊಟ್ಟರೆ ಹೊಟ್ಟೆಯಲ್ಲೇ ಕಟ್ಟಿಕೊಂಡು ರಕ್ತ ಸೇರುವುದು ಬಹಳ ಕಡಿಮೆಯಾಗುತ್ತದೆ. ಡಾಕ್ಸಿಸೈಕ್ಲಿನ್ ಅನ್ನು ಒಂದು ಲೋಟ ತುಂಬ ನೀರಿನ ಜೊತೆ, ಕೂತು ನುಂಗಬೇಕು. ನುಂಗಿದ ಕೂಡಲೇ ಮಲಗಿದರೆ ಅನ್ನನಾಳಕ್ಕೆ ಅಂಟಿ ಹುಣ್ಣಾಗುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಶುರು ಮಾಡುವ ಮೊದಲೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ ಎಂದು ಹೇಳಿಬಿಡಿ, ಇಲ್ಲದಿದ್ದರೆ ರೋಗಿ ಹೆದರಿ ಮಾತ್ರೆ ನಿಲ್ಲಿಸುತ್ತಾರೆ.

"ಕೋರ್ಸ್ ಪೂರ್ತಿ ಮುಗಿಸಿ" ಎಂದು ನಮಗೆ ಕಲಿಸಿದ್ದರು. ಇವತ್ತು ಅದನ್ನು ಸ್ವಲ್ಪ ತಿದ್ದಿ ಹೇಳಬೇಕು. ರೋಗಿ ತಾನಾಗಿ ನಿಲ್ಲಿಸಬಾರದು, ಅದು ಸರಿ. ಕ್ಷಯದಲ್ಲಂತೂ ತಿಂಗಳುಗಟ್ಟಲೆ ಬೇಕೇ ಬೇಕು. ಆದರೆ ಸಾಮಾನ್ಯ ನ್ಯುಮೋನಿಯಾದಂಥ ಎಷ್ಟೋ ಸೋಂಕುಗಳಿಗೆ ಐದು ದಿನ ಸಾಕು ಎಂದು ಈಗ ಗೊತ್ತಾಗಿದೆ. ಸುಮ್ನೆ ಎಳೆದಷ್ಟೂ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಸತ್ತು, ಔಷಧಿಗೆ ಬಗ್ಗದವು ಜಾಗ ಹಿಡಿಯುತ್ತವೆ. ನಿಮ್ಮ ರೋಗಿಗೆ ಕೊಟ್ಟ ಔಷಧಿಯ ಹೆಸರಿನಲ್ಲೇ ಈ ಜಗಳ ಇದೆ. ಕೆಲವು ಬ್ಯಾಕ್ಟೀರಿಯಾಗಳು ಪೆನಿಸಿಲಿನ್ ಅನ್ನು ಕತ್ತರಿಸುವ ಕಿಣ್ವ ತಯಾರಿಸುತ್ತವೆ. ಆ ಕತ್ತರಿಯನ್ನು ಹಿಡಿದಿಡಲು ಟಾಜೊಬ್ಯಾಕ್ಟಮ್ ಸೇರಿಸಿದ್ದಾರೆ. ಅದಕ್ಕೂ ಸಿಗದ ಕತ್ತರಿಗಳು ಈಗ ಬಂದಿವೆ. ಕತ್ತರಿಯ ನಕ್ಷೆಯನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸುತ್ತದೆ, ಆ ಬ್ಯಾಕ್ಟೀರಿಯಾವನ್ನು ಒಂದು ಬೆಡ್‌ನಿಂದ ಇನ್ನೊಂದಕ್ಕೆ ದಾಟಿಸುವುದು ಬಹಳ ಸಲ ನಮ್ಮ ಕೈಗಳು. 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಸಾವುಗಳು ಔಷಧಿಗೆ ಬಗ್ಗದ ಸೋಂಕಿನಿಂದಲೇ ಆದವು ಎಂಬ ಅಂದಾಜಿದೆ. ಆಂಟಿಬಯೋಟಿಕ್ ಶುರುವಾದ ಮೇಲೆ ರೋಗಿಗೆ ಜೋರು ಭೇದಿ ಹತ್ತಿದರೆ ಕ್ಲಾಸ್ಟ್ರಿಡಿಯಾಯಿಡಿಸ್ ಡಿಫಿಸಿಲ್ ಎಂಬ ಕರುಳಿನ ಬ್ಯಾಕ್ಟೀರಿಯಾ ಇರಬಹುದೇ ಎಂದು ಯೋಚಿಸಿ. ಅದರ ಬೀಜಕಗಳು ಆಲ್ಕೋಹಾಲ್ ಹ್ಯಾಂಡ್‌ರಬ್‌ಗೆ ಸಾಯುವುದಿಲ್ಲ, ಸೋಪು ನೀರೇ ಬೇಕು.

ಎರಡು ಮೂರು ದಿನ ಕಳೆದ ಮೇಲೆ ರೌಂಡ್ಸ್‌ನಲ್ಲಿ "ಕಲ್ಚರ್ ರಿಪೋರ್ಟ್ ಬಂತಾ ಸರ್, ಜ್ವರ ಇಳಿದಿದೆ, ಊಟ ಮಾಡುತ್ತಿದ್ದಾರೆ, ಮಾತ್ರೆಗೆ ಬದಲಿಸಬಹುದಾ?" ಎಂದು ಕೇಳಲು ಹಿಂಜರಿಯಬೇಡಿ. ಕ್ಯಾನುಲಾ ಒಂದು ದಿನ ಮೊದಲು ತೆಗೆದರೂ ಒಂದು ಸೋಂಕಿನ ಬಾಗಿಲು ಮುಚ್ಚಿದ ಹಾಗೆ. ಹೊಸಬರು ಕೇಳಿದರೆ ಡಾಕ್ಟರ್ ಮುಖ ಸಿಂಡರಿಸಿಯಾರು. ಸಿಂಡರಿಸಲಿ ಬಿಡಿ.

ಕೊನೆಗೆ ನಿಮ್ಮ ಆ ರೋಗಿ. 4ಕ್ಕೆ ಕೊಟ್ಟ ಮೇಲೆ ಮುಂದಿನದು ರಾತ್ರಿ 10ಕ್ಕಾ, 12ಕ್ಕಾ? ಪಿಪೆರಾಸಿಲಿನ್ ಆದ್ದರಿಂದ, ಕಿಡ್ನಿ ಸರಿಯಿದ್ದರೆ, 10ಕ್ಕೆ ಕೊಟ್ಟು ಹಳೆಯ ಸಮಯಕ್ಕೆ ಮರಳುವುದರಲ್ಲಿ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೂ ಡ್ಯೂಟಿ ಡಾಕ್ಟರ್‌ಗೆ ಒಂದು ಮಾತು ಹೇಳಿ ಕೊಡಿ. ಜೆಂಟಾಮೈಸಿನ್, ವ್ಯಾಂಕೋಮೈಸಿನ್ ಆಗಿದ್ದರೆ ಕೇಳದೆ ಹತ್ತಿರ ಹತ್ತಿರ ಕೊಡಲೇಬೇಡಿ. ಇನ್ನೊಮ್ಮೆ ಸ್ಕ್ಯಾನ್‌ಗೆ ಕರೆ ಬಂದಾಗ ಗಡಿಯಾರ ನೋಡಿ. ಒಂದೂವರೆ ಆಗಿದ್ದರೆ ಡೋಸ್ ಮುಗಿಸಿಯೇ ಕಳಿಸಿ, ಅರ್ಧ ಗಂಟೆ ಮುಂಚೆ ಹೋದರೆ ಈ ಔಷಧಿಯಲ್ಲಿ ನಷ್ಟವಿಲ್ಲ. ಮತ್ತೆ ಚಾರ್ಟ್‌ನಲ್ಲಿ 2ರ ಚೌಕದಲ್ಲಿ ಸಹಿ ಹಾಕಿದ್ದೀರಾದರೆ, ಪಕ್ಕದಲ್ಲಿ "ಕೊಟ್ಟದ್ದು 4ಕ್ಕೆ, ರೋಗಿ ಸ್ಕ್ಯಾನ್‌ನಲ್ಲಿದ್ದರು" ಎಂದು ಇವತ್ತೇ ಬರೆದುಬಿಡಿ.